ರಾಜೀನಾಮೆಗೆ ಸಹಿ ಹಾಕುವ ಮುನ್ನ: ಉದ್ಯೋಗ ಮೇಳ ಮತ್ತು ನಿರುದ್ಯೋಗ ನೆರವಿನ ಬಗ್ಗೆ ಪುಣೆಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವನು. ಐಟಿಐ ಮುಗಿಸಿ ಪುಣೆಗೆ ಬಂದು, ಭೋಸರಿಯ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಗುಣಮಟ್ಟ ತಪಾಸಣೆ ವಿಭಾಗದಲ್ಲಿ 6 ವರ್ಷ ಕಾಯಂ ನೌಕರನಾಗಿ ಕೆಲಸ ಮಾಡಿದ್ದೇನೆ. ತಿಂಗಳ ಪಗಾರ ಒಟ್ಟು 18,000 ರೂಪಾಯಿ, ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 13,000. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ), ಪಿಎಫ್ (ಭವಿಷ್ಯ ನಿಧಿ) ಎರಡೂ ಕಡಿತವಾಗುತ್ತಿದ್ದವು. ಈಗ ಆರ್ಡರ್ ಕಡಿಮೆಯಾಗಿದೆ ಎಂದು ನಮ್ಮ ವಿಭಾಗದ ಕೆಲವರನ್ನು ತೆಗೆಯುತ್ತಿದ್ದಾರೆ. ರಾಜೀನಾಮೆ ಬರೆದುಕೊಟ್ಟರೆ ಲೆಕ್ಕ ಬೇಗ ಚುಕ್ತಾ ಮಾಡುತ್ತೇವೆ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ನಿರುದ್ಯೋಗ ಭತ್ಯೆ ಸಿಗುತ್ತದೆಯೇ? ಸರ್ಕಾರಿ ಉದ್ಯೋಗ ಮೇಳಕ್ಕೆ ಹೋಗುವುದರಿಂದ ನಿಜವಾಗಿ ಪ್ರಯೋಜನವಿದೆಯೇ? ವಿಜಯಪುರದಲ್ಲಿ ಪದವಿ ಮುಗಿಸಿದ ನನ್ನ ತಂಗಿ ಈಗ ನಮ್ಮ ಜೊತೆಗಿದ್ದಾಳೆ. ಅವಳಿಗೆ ಕರ್ನಾಟಕದ ಯುವನಿಧಿ ಭತ್ಯೆ ದೊರೆಯಬಹುದೇ?

ಉತ್ತರ: ನೀವು ಭತ್ಯೆ ಮತ್ತು ಮೇಳದ ಬಗ್ಗೆ ಕೇಳಿದ್ದೀರಿ. ಆದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತುರ್ತಾದ ಮಾತು ರಾಜೀನಾಮೆಯದು, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ. ಇನ್ನೂ ಬರೆದುಕೊಟ್ಟಿಲ್ಲವಾದರೆ ದಯವಿಟ್ಟು ಬರೆದುಕೊಡಬೇಡಿ. ಕೆಲಸ ಕಳೆದುಕೊಂಡವರಿಗೆ ನಮ್ಮ ವ್ಯವಸ್ಥೆಯಲ್ಲಿ ಸಿಗುವ ನೆರವಿನ ಬಹುಪಾಲು, ಸರ್ಕಾರ ಯಾರನ್ನೋ ಕಂಡು ಮರುಗಿ ಕೊಡುವ ಹಣವಲ್ಲ. ನೀವೂ ನಿಮ್ಮ ಮಾಲೀಕರೂ ವರ್ಷಗಟ್ಟಲೆ ಕಟ್ಟಿದ ವಂತಿಗೆಯಿಂದ ಮತ್ತು ನಿಮ್ಮ ಸೇವಾವಧಿಯಿಂದ ಹುಟ್ಟಿದ ಹಕ್ಕು ಅದು. ಆ ಹಕ್ಕು ಎಷ್ಟರಮಟ್ಟಿಗೆ ಕೈಗೆ ಬರುತ್ತದೆ ಎಂಬುದು, ನೀವು ಕೆಲಸ ಬಿಟ್ಟದ್ದು ಹೇಗೆ ಎಂದು ದಾಖಲೆಯಲ್ಲಿ ಬರೆದಿದೆ ಎಂಬುದರ ಮೇಲೆ ನಿಂತಿದೆ. ನೀವಾಗಿಯೇ ಬಿಟ್ಟಿರೆಂದು ಬರೆದರೆ ಒಂದು ಲೆಕ್ಕ, ಕೆಲಸವಿಲ್ಲವೆಂದು ಅವರು ತೆಗೆದರೆಂದು ಬರೆದರೆ ಬೇರೆಯೇ ಲೆಕ್ಕ.

ನಿಮ್ಮದೇ ಅಂಕಿಗಳನ್ನು ಹಿಡಿದು ನೋಡೋಣ. ಕೆಲಸ ಕಡಿಮೆಯಾಯಿತೆಂದು ಕಾರ್ಮಿಕನನ್ನು ತೆಗೆಯುವುದು ಕಾನೂನಿನ ಭಾಷೆಯಲ್ಲಿ ರಿಟ್ರೆಂಚ್‌ಮೆಂಟ್. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಇದರ ಮುಖ್ಯ ನಿಯಮಗಳನ್ನು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ: ಒಂದು ತಿಂಗಳ ಲಿಖಿತ ನೋಟಿಸ್ ಕೊಡಬೇಕು ಇಲ್ಲವೇ ಅದರ ಬದಲು ಒಂದು ತಿಂಗಳ ವೇತನ ಕೊಡಬೇಕು, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ನಿಮ್ಮ 18,000ಕ್ಕೆ ಇದು ವರ್ಷಕ್ಕೆ ಸುಮಾರು 9,000ದಂತೆ 6 ವರ್ಷಕ್ಕೆ ಸುಮಾರು 54,000 ರೂಪಾಯಿ, ನೋಟಿಸ್ ವೇತನ ಬೇರೆ. ಹೊಸ ಸಂಹಿತೆಯಲ್ಲಿ ಮರುಕೌಶಲ್ಯ ನಿಧಿ ಎಂಬುದೊಂದನ್ನು ಸೇರಿಸಿದ್ದಾರೆ. ತೆಗೆದ ಪ್ರತಿಯೊಬ್ಬ ಕಾರ್ಮಿಕನಿಗೂ ಮಾಲೀಕರು ಕೊನೆಯ ವೇತನದ 15 ದಿನಗಳ ಮೊತ್ತವನ್ನು ಅದಕ್ಕೆ ಕಟ್ಟಬೇಕು, ಅದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಹೋಗಬೇಕು. ರಾಜೀನಾಮೆ ಕೊಟ್ಟವರಿಗೆ ಇವುಗಳಲ್ಲಿ ಯಾವುದೂ ಇಲ್ಲ. 'ಲೆಕ್ಕ ಬೇಗ ಚುಕ್ತಾ' ಎಂಬ ಮಾತಿನ ಬೆಲೆ ಎಷ್ಟೆಂದು ಈಗ ನೀವೇ ಕೂಡಿಸಿ ನೋಡಬಹುದು.

ಗ್ರಾಚ್ಯುಟಿಯ, ಅಂದರೆ ಸೇವಾ ಉಪಧನದ, ವಿಷಯ ಹಾಗಲ್ಲ. 5 ವರ್ಷ ಪೂರೈಸಿದ ಮೇಲೆ ಅದು ರಾಜೀನಾಮೆ ಕೊಟ್ಟರೂ ಸಿಗುತ್ತದೆ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ನಿಮ್ಮ 13,000ಕ್ಕೆ ವರ್ಷಕ್ಕೆ 7,500ರಂತೆ 45,000 ರೂಪಾಯಿ ಆಗುತ್ತದೆ. ಇದನ್ನು 30 ದಿನಗಳೊಳಗೆ ಕೊಡಬೇಕು. ಮಾಲೀಕರು ಗ್ರಾಚ್ಯುಟಿಯನ್ನೇ ದೊಡ್ಡದಾಗಿ ತೋರಿಸಿ, ಪರಿಹಾರದ ಮಾತನ್ನೇ ಎತ್ತದೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ನಡೆದೇ ಇದೆ. ಎರಡೂ ಪ್ರತ್ಯೇಕ ಬಾಕಿಗಳು, ಎರಡೂ ಪ್ರತ್ಯೇಕ ಸಾಲಿನಲ್ಲಿ ಬರೆದಿರಬೇಕು.

ಇನ್ನು ನೀವು ಕೇಳಿದ ಭತ್ಯೆ. ಕೆಲಸವಿಲ್ಲದ ಎಲ್ಲರಿಗೂ ತಿಂಗಳು ತಿಂಗಳು ಹಣ ಕೊಡುವ ಸಾಮಾನ್ಯ ನಿರುದ್ಯೋಗ ಭತ್ಯೆ ಮಹಾರಾಷ್ಟ್ರದಲ್ಲಿಲ್ಲ. 'ಬೇರೋಜಗಾರಿ ಭತ್ತಾ, ತಿಂಗಳಿಗೆ 5,000' ಎಂದು ವಾಟ್ಸಾಪ್‌ನಲ್ಲಿ ಬರುವ ಕೊಂಡಿಗಳನ್ನು ಒತ್ತಬೇಡಿ. ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರ ಕಸಿಯುವುದಕ್ಕೆ ಕೆಲಸ ಹುಡುಕುವವರಷ್ಟು ಸುಲಭವಾಗಿ ಸಿಗುವವರು ಬೇರೆ ಯಾರೂ ಇಲ್ಲ. ನಿಮ್ಮ ಪಗಾರ ಚೀಟಿಯಲ್ಲಿ ತಿಂಗಳಿಗೆ 200 ರೂಪಾಯಿಯಂತೆ ಕಡಿತವಾಗುವ ವೃತ್ತಿ ತೆರಿಗೆ ಇದೆಯಲ್ಲ, ಅದನ್ನು ಈ ರಾಜ್ಯ 1975ರಲ್ಲಿ ತಂದದ್ದೇ ಗ್ರಾಮೀಣ ರೋಜಗಾರ ಹಮಿ ಯೋಜನೆಗೆ ಹಣ ಹೊಂದಿಸಲು. ಹಳ್ಳಿಯ ಕೂಲಿಕಾರನಿಗೆ ಕೆಲಸದ ಖಾತ್ರಿ ಕೊಡುವುದರಲ್ಲಿ ಇಡೀ ದೇಶಕ್ಕಿಂತ ಮುಂದೆ ಹೆಜ್ಜೆಯಿಟ್ಟ ರಾಜ್ಯ, ನಗರದ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವನಿಗೆ ಅಂಥದ್ದೊಂದನ್ನು ಕಟ್ಟಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಆದರೆ ನಿಮಗೆ ಇಎಸ್‌ಐ ಇದೆ, ಅದು ಸಣ್ಣದಲ್ಲ. 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರುವವರು ಅದರ ವ್ಯಾಪ್ತಿಯಲ್ಲಿದ್ದಾರೆ, ವೇತನದ ಶೇ. 0.75 ನಿಮ್ಮಿಂದ, ಶೇ. 3.25 ಮಾಲೀಕರಿಂದ ಹೋಗುತ್ತದೆ. ಅದು ಬರಿಯ ಆಸ್ಪತ್ರೆ ಚೀಟಿ ಎಂದು ತಿಳಿದವರೇ ಹೆಚ್ಚು. ನಿರುದ್ಯೋಗಕ್ಕೆಂದು ಅದರಲ್ಲಿ ಎರಡು ಯೋಜನೆಗಳಿವೆ, ಮತ್ತು ಆ ಎರಡರ ನಡುವಿನ ಅಂತರವೇ ನಾನು ರಾಜೀನಾಮೆ ಬೇಡ ಎನ್ನುವುದಕ್ಕೆ ದೊಡ್ಡ ಕಾರಣ.

ಮೊದಲನೆಯದು 2018ರ ಜುಲೈ 1ರಂದು ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. ಆರಂಭದಲ್ಲಿ ಸರಾಸರಿ ದಿನಗಳಿಕೆಯ ಕಾಲುಭಾಗವಿದ್ದ ನೆರವನ್ನು 2020ರಲ್ಲಿ, ಲಾಕ್‌ಡೌನ್ ಕಾಲಕ್ಕೆ, ಅರ್ಧಕ್ಕೆ ಏರಿಸಿದರು. ಜೀವಮಾನದಲ್ಲಿ ಒಮ್ಮೆ, ಗರಿಷ್ಠ 90 ದಿನಗಳಿಗೆ ಸಿಗುತ್ತದೆ. ಕೆಲಸ ಹೋಗುವುದಕ್ಕೆ ಮುಂಚಿನ 2 ವರ್ಷ ನೀವು ವಿಮೆಯ ವ್ಯಾಪ್ತಿಯಲ್ಲಿರಬೇಕು; ತೀರ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನ, ಅದಕ್ಕೂ ಮುಂಚಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಸಂದಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ವರ್ಷಕ್ಕೆ ಎರಡು ವಂತಿಗೆ ಅವಧಿಗಳು. ನಿಮ್ಮ ದಿನಗಳಿಕೆ ಸುಮಾರು 600 ಎಂದುಕೊಂಡರೆ, ದಿನಕ್ಕೆ 300ರಂತೆ 90 ದಿನಕ್ಕೆ ಸುಮಾರು 27,000 ರೂಪಾಯಿ. ಕೆಲಸ ಹೋಗಿ 30 ದಿನವಾದ ಮೇಲೆ ನೀವೇ ನೇರವಾಗಿ ಅರ್ಜಿ ಹಾಕಬಹುದು, ಮಾಲೀಕರ ಮೂಲಕ ಕಳಿಸಬೇಕಾಗಿಲ್ಲ. ದುರ್ನಡತೆಗಾಗಿ ವಜಾ ಆದವರಿಗೆ, ನಿವೃತ್ತರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಇದು ಇಲ್ಲ. ಸಡಿಲಿಸಿದ ಈ ನಿಯಮಗಳನ್ನು ಕಾಲಕಾಲಕ್ಕೆ ಆದೇಶ ಹೊರಡಿಸಿ ಮುಂದುವರಿಸುತ್ತ ಬಂದಿದ್ದಾರೆ. ಆದ್ದರಿಂದ ನಿಮ್ಮ ದಿನಾಂಕಕ್ಕೆ ಯಾವ ಆದೇಶ ಅನ್ವಯಿಸುತ್ತದೆ ಎಂದು ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿಯೇ ಅರ್ಜಿ ತುಂಬಿ.

ಎರಡನೆಯದು 2005ರ ಏಪ್ರಿಲ್ 1ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಇದು ಕಾರ್ಖಾನೆ ಮುಚ್ಚಿದಾಗ, ರಿಟ್ರೆಂಚ್‌ಮೆಂಟ್ ಆದಾಗ, ಅಥವಾ ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಶೇ. 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಉಂಟಾದಾಗ ಮಾತ್ರ. ಅವಧಿ ಗರಿಷ್ಠ 24 ತಿಂಗಳು: ಮೊದಲ 12 ತಿಂಗಳು ದಿನಗಳಿಕೆಯ ಅರ್ಧ, ಮುಂದಿನ 12 ತಿಂಗಳು ಕಾಲುಭಾಗ. ಭತ್ಯೆ ಪಡೆಯುವಷ್ಟು ಕಾಲ ನಿಮಗೂ ಕುಟುಂಬಕ್ಕೂ ಇಎಸ್‌ಐ ಚಿಕಿತ್ಸೆ ಮುಂದುವರಿಯುತ್ತದೆ. ಬೇರೆ ಕೆಲಸ ಸಿಕ್ಕ ದಿನ ಭತ್ಯೆ ನಿಲ್ಲುತ್ತದೆ, ಅದು ನ್ಯಾಯವೂ ಹೌದು. ನಿಮ್ಮ 6 ವರ್ಷದ ವಂತಿಗೆ ಇದಕ್ಕೆ ಸಾಕು. ಆದರೆ ನಿಮ್ಮನ್ನು ತೆಗೆದದ್ದು ರಿಟ್ರೆಂಚ್‌ಮೆಂಟ್ ಎಂಬುದಕ್ಕೆ ಕಾಗದ ಬೇಕು. ಒಂದೇ ಮನುಷ್ಯ, ಒಂದೇ ಕಾರ್ಖಾನೆ, ಒಂದೇ ವಂತಿಗೆ. ಒಂದು ಕಾಗದವಿದ್ದರೆ 24 ತಿಂಗಳು, ಇಲ್ಲದಿದ್ದರೆ 90 ದಿನ, ಅದೂ ಗೊಂದಲದೊಂದಿಗೆ. ಎರಡನ್ನೂ ಒಟ್ಟಿಗೆ ಪಡೆಯಲಾಗದು.

ಇಲ್ಲಿ ಯಾರೂ ಗಮನಿಸದ ಒಂದು ಚಿಕ್ಕ ಕಾಲಂ ಇದೆ. ಕಾರ್ಖಾನೆಯ ಕಚೇರಿಯವರು ಪ್ರತಿ ತಿಂಗಳು ಇಎಸ್‌ಐ ಜಾಲತಾಣದಲ್ಲಿ ನೌಕರರ ಪಟ್ಟಿ ತುಂಬುವಾಗ, ಒಬ್ಬನ ಕೆಲಸದ ದಿನ ಸೊನ್ನೆಯಾದರೆ ಅದಕ್ಕೆ ಕಾರಣವನ್ನೂ ಆರಿಸಬೇಕು. 'ಸೇವೆ ತೊರೆದವರು' ಎಂಬುದಕ್ಕೆ ಒಂದು ಸಂಕೇತ ಸಂಖ್ಯೆ, 'ರಿಟ್ರೆಂಚ್‌ಮೆಂಟ್' ಎಂಬುದಕ್ಕೆ ಇನ್ನೊಂದು. ಅವಸರದಲ್ಲಿ ಎಲ್ಲರಿಗೂ 'ಸೇವೆ ತೊರೆದವರು' ಎಂದು ಒತ್ತಿಬಿಡುವುದು ಸುಲಭ. ತಿಂಗಳುಗಳ ನಂತರ ಶಾಖಾ ಕಚೇರಿಯ ಕಿಟಕಿಯಲ್ಲಿ ನಿಂತಾಗ ಆ ಒಂದು ಒತ್ತು ನಿಮ್ಮ ಮುಂದೆ ಬರುತ್ತದೆ. ಆದ್ದರಿಂದ ಕೆಲಸ ಬಿಡಿಸುವ ಪತ್ರ ಕೈಗೆ ಬಂದ ವಾರದಲ್ಲೇ, ಇಎಸ್‌ಐ ದಾಖಲೆಯಲ್ಲೂ ಅದೇ ಕಾರಣ ನಮೂದಾಗಲಿ ಎಂದು ಕಚೇರಿಗೆ ಇಮೇಲ್‌ನಲ್ಲಿ ಕೇಳಿ, ಆ ಇಮೇಲ್ ಉಳಿಸಿಕೊಳ್ಳಿ.

ಒಂದು ವೇಳೆ ಈಗಾಗಲೇ ರಾಜೀನಾಮೆ ಕೊಟ್ಟಿದ್ದರೆ ಕೈಚೆಲ್ಲಿ ಕೂರಬೇಡಿ. ಅದು ಅಂಗೀಕಾರವಾಗಿ ಜಾರಿಗೆ ಬರುವ ಮೊದಲು ಹಿಂಪಡೆಯಬಹುದು. ಕೆಲಸ ಕಡಿಮೆಯಿದೆ ಎಂದು ಹೇಳಿ ನಿಮ್ಮಿಂದ ರಾಜೀನಾಮೆ ಬರೆಸಿಕೊಂಡರು ಎಂಬುದನ್ನು ದಿನಾಂಕ ಸಹಿತ ಬರೆದು, ಸ್ಪೀಡ್ ಪೋಸ್ಟ್‌ನಲ್ಲಿ ಕಾರ್ಖಾನೆಗೂ, ಅದರ ಪ್ರತಿಯನ್ನು ಶಿವಾಜಿನಗರದ ಕಾರ್ಮಿಕ ಇಲಾಖೆ ಕಚೇರಿಗೂ ಕಳಿಸಿ. ಸಂಗಡಿಗರು ಒಟ್ಟಾಗಿ ಬರೆದರೆ ಅದಕ್ಕೆ ತೂಕ ಹೆಚ್ಚು, ಏಕೆಂದರೆ ಒಂದೇ ವಿಭಾಗದ ಹಲವರು ಒಂದೇ ವಾರದಲ್ಲಿ ತಾವಾಗಿಯೇ ಕೆಲಸ ಬಿಟ್ಟರು ಎಂಬುದನ್ನು ಯಾವ ಅಧಿಕಾರಿಯೂ ಸುಲಭಕ್ಕೆ ನಂಬುವುದಿಲ್ಲ.

ಪಿಎಫ್ ಬಗ್ಗೆ ಒಂದೇ ಮಾತು: ಅವಸರದಿಂದ ಪೂರ್ತಿ ತೆಗೆಯಬೇಡಿ. 2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿಯ ಕೇಂದ್ರ ಮಂಡಳಿ, ಕೆಲಸ ಹೋದವರು ಶೇ. 75ರಷ್ಟನ್ನು ಕೂಡಲೇ ತೆಗೆಯಬಹುದು, ಉಳಿದ ಶೇ. 25ಕ್ಕೆ 12 ತಿಂಗಳು ಕಾಯಬೇಕು ಎಂದು ನಿರ್ಧರಿಸಿತು. ನಿಮ್ಮ ನಿಜವಾದ ಚಿಂತೆ ಪಿಂಚಣಿಯದಾಗಿರಬೇಕು. 10 ವರ್ಷ ಸೇವೆ ಪೂರೈಸಿದರೆ ಮುಂದೆ ಪಿಂಚಣಿಯ ಹಕ್ಕು ಬರುತ್ತದೆ. ನಿಮ್ಮವು 6 ವರ್ಷ ಆಗಿವೆ. ಪಿಂಚಣಿಯ ಹಣ ಹಿಂಪಡೆದರೆ ಆ 6 ವರ್ಷಗಳು ಅಳಿಸಿಹೋಗುತ್ತವೆ. ಹೊಸ ಕೆಲಸ ಸಿಕ್ಕಾಗ ಅದೇ ಯುಎಎನ್ (ಪಿಎಫ್‌ನ ಕಾಯಂ ಖಾತೆ ಸಂಖ್ಯೆ) ಕೊಟ್ಟು ಮುಂದುವರಿಸಿ.

ಕರ್ನಾಟಕದಿಂದ ಬಂದವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಊರಿನದೋ ತಂದೆಯದೋ ಇನಿಷಿಯಲ್ ಇರುತ್ತದೆ. ಮಹಾರಾಷ್ಟ್ರದ ಕಚೇರಿಗಳಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ತುಂಡಾಗಿ ಬಿಡಿಸಿ ಬರೆಯುತ್ತಾರೆ. ಆಧಾರ್‌ನಲ್ಲಿ ಒಂದು, ಪಿಎಫ್‌ನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಹೆಸರಾಗಿ ಹಣ ಸಿಕ್ಕಿಬೀಳುವುದು ಇಲ್ಲೇ. ತಿದ್ದುಪಡಿಗೆ ಮಾಲೀಕರ ಒಪ್ಪಿಗೆ ಬೇಕಾಗುವ ಸಂದರ್ಭಗಳುಂಟು. ಆದ್ದರಿಂದ ಕಾರ್ಖಾನೆಯವರು ಇನ್ನೂ ನಿಮ್ಮೊಡನೆ ಮಾತನಾಡುತ್ತಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಕೆಲಸ ಬಿಟ್ಟ ದಿನಾಂಕವನ್ನು ಅವರು ನಮೂದಿಸದೆ ಹೋದರೆ, ಕೊನೆಯ ವಂತಿಗೆಯಿಂದ 2 ತಿಂಗಳು ಕಳೆದ ಮೇಲೆ ಪಿಎಫ್ ಜಾಲತಾಣದಲ್ಲಿ ನೀವೇ ನಮೂದಿಸಬಹುದು.

ಈಗ ಮೇಳ. ಹೋಗಿ, ಖಂಡಿತ ಹೋಗಿ. ಆದರೆ ಅಲ್ಲಿಂದ ಕೆಲಸ ಹಿಡಿದುಕೊಂಡೇ ಮನೆಗೆ ಬರುತ್ತೇನೆ ಎಂದು ಹೊರಡಬೇಡಿ. ಮಹಾರಾಷ್ಟ್ರದ ಕೌಶಲ್ಯ ಮತ್ತು ರೋಜಗಾರ ಇಲಾಖೆ ಪಂಡಿತ್ ದೀನದಯಾಳ್ ಉಪಾಧ್ಯಾಯ ಹೆಸರಿನಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ರೋಜಗಾರ ಮೇಳಾವಾ ನಡೆಸುತ್ತದೆ. ಮಹಾಸ್ವಯಂ ಜಾಲತಾಣದಲ್ಲಿ ಮೊದಲೇ ನೋಂದಾಯಿಸಿಕೊಂಡರೆ ಯಾವ ಕಂಪನಿ, ಎಷ್ಟು ಜಾಗ, ಯಾವ ವಿದ್ಯಾರ್ಹತೆ ಎಂಬ ಪಟ್ಟಿ ನೋಡಿ ಆಯ್ಕೆ ಮಾಡಿಕೊಂಡು ಹೋಗಬಹುದು. ಆ ಇಲಾಖೆಯ ಪುಣೆ ಜಿಲ್ಲಾ ಕಚೇರಿ ರಾಸ್ತಾ ಪೇಠ್‌ನಲ್ಲಿದೆ. ಇದಲ್ಲದೆ 2015ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣದಲ್ಲಿ ಪುಣೆಯ ಜೊತೆಗೆ ಸೋಲಾಪುರ, ವಿಜಯಪುರ, ಬೆಳಗಾವಿಯ ಮೇಳಗಳನ್ನೂ ಹುಡುಕಬಹುದು. ಎರಡಕ್ಕೂ ಶುಲ್ಕವಿಲ್ಲ.

ಮೇಳದ ಬಗ್ಗೆ ಜನ ನಿರಾಶರಾಗುವುದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಖಾಲಿ ಜಾಗಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಲೇಬೇಕೆಂದು 1959ರ ಕಾಯ್ದೆ ಹೇಳಿತು. ಆದರೆ ಆ ಕಚೇರಿ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂದು ಹೇಳಲಿಲ್ಲ. ಮೇಳವೂ ಅದೇ ತತ್ತ್ವದ ಮೇಲೆ ನಿಂತಿದೆ: ಮುಖಾಮುಖಿ ಮಾಡಿಸುವುದಷ್ಟೇ ಸರ್ಕಾರದ ಕೆಲಸ, ನೇಮಕ ಕಂಪನಿಯದು. ಮೇಜಿನಾಚೆ ಕೂತವರು ನಿಮಗೆ ಕೊಡುವುದು ನಾಲ್ಕೈದು ನಿಮಿಷ. ಅವರು 'ಪ್ರಾಥಮಿಕ ಆಯ್ಕೆ' ಎಂದರೆ ಕಂಪನಿಯಲ್ಲಿ ಇನ್ನೊಂದು ಸುತ್ತು ಇದೆ ಎಂದು ಅರ್ಥ. ಆ ಸುತ್ತಿನ ದಿನಾಂಕ, ಸ್ಥಳ, ಕರೆಯುವವರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಅಲ್ಲೇ ಬರೆದುಕೊಳ್ಳದೆ ಮೇಜು ಬಿಡಬೇಡಿ.

ಆ ನಾಲ್ಕೈದು ನಿಮಿಷದಲ್ಲಿ 'ಕ್ವಾಲಿಟಿಯಲ್ಲಿ 6 ವರ್ಷ ಅನುಭವ' ಎಂದಷ್ಟೇ ಹೇಳಿದರೆ ಹತ್ತರಲ್ಲಿ ಹನ್ನೊಂದನೆಯವರಾಗುತ್ತೀರಿ. ವರ್ನಿಯರ್, ಮೈಕ್ರೋಮೀಟರ್, ಹೈಟ್ ಗೇಜ್‌ನಂಥ ಅಳತೆ ಸಾಧನ ಬಳಸಿದ್ದೀರಾ, ಸಿಎಂಎಂ ಯಂತ್ರದಲ್ಲಿ ಅಳತೆ ತೆಗೆದಿದ್ದೀರಾ, ಡ್ರಾಯಿಂಗ್ ಓದುತ್ತೀರಾ, ಗ್ರಾಹಕ ಕಂಪನಿಯಿಂದ ದೂರು ಬಂದಾಗ ಏಯ್ಟ್ ಡಿ ವರದಿ (ದೋಷದ ಮೂಲ ಕಾರಣ ಹುಡುಕಿ ಸರಿಪಡಿಸಿದ ವರದಿ) ಬರೆದಿದ್ದೀರಾ, ಯಾವ ಭಾಗಗಳನ್ನು ತಪಾಸಣೆ ಮಾಡುತ್ತಿದ್ದಿರಿ ಎಂಬುದೆಲ್ಲ ಬಯೋಡೇಟಾದ ಮೊದಲ ಅರ್ಧಪುಟದಲ್ಲೇ ಕಾಣಬೇಕು. ಪುಟ ಒಂದೇ ಇರಲಿ, ಪ್ರತಿಗಳು ಹೆಚ್ಚಿರಲಿ. ನಿಮ್ಮ ಕೆಲಸವನ್ನು ಮರಾಠಿಯಲ್ಲಿ ಎರಡು ನಿಮಿಷ ತಡವರಿಸದೆ ಹೇಳುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿ. ಕಾರ್ಖಾನೆಯೊಳಗಿನ ಮಾತು ಮರಾಠಿಯದೇ ಆದ್ದರಿಂದ ಮೇಜಿನಾಚೆಯವರು ಅದನ್ನು ಗಮನಿಸುತ್ತಾರೆ.

ನೀವೂ ಪ್ರಶ್ನೆ ಕೇಳಬೇಕು. ನೇಮಕ ಪತ್ರದ ಮೇಲೆ ಯಾರ ಹೆಸರಿರುತ್ತದೆ ಎಂಬುದು ಅವುಗಳಲ್ಲಿ ಮೊದಲನೆಯದು. ಫಲಕದ ಮೇಲೆ ಚಾಕಣದ ದೊಡ್ಡ ಕಾರ್ಖಾನೆಯ ಹೆಸರಿದ್ದು, ನಿಜವಾದ ಮಾಲೀಕರು ಕಾರ್ಮಿಕರನ್ನು ಪೂರೈಸುವ ಠೇಕೇದಾರರಾಗಿರುವುದು ಸಾಮಾನ್ಯ. ಠೇಕೇದಾರರ ಕೈಕೆಳಗೆ ಕೆಲಸ ಮಾಡಬಾರದೆಂದು ನಾನು ಹೇಳುವುದಿಲ್ಲ, ಹೊಟ್ಟೆಪಾಡಿನ ಕಷ್ಟ ನನಗೆ ಗೊತ್ತು. ಆದರೆ ಇಎಸ್‌ಐ, ಪಿಎಫ್ ಮೊದಲ ದಿನದಿಂದಲೇ ಕಡಿತವಾಗುತ್ತದೆಯೇ ಎಂದು ಕೇಳಿ ತಿಳಿಯದೆ ಒಪ್ಪಬೇಡಿ. ಮೇಲೆ ಹೇಳಿದ 78 ದಿನಗಳ ಲೆಕ್ಕ ಮುಂದೆಯೂ ನಿಮ್ಮನ್ನು ಕಾಯಬೇಕಲ್ಲ. ವರ್ಷದ ಪ್ಯಾಕೇಜ್ ಎಷ್ಟು ಎಂಬುದಕ್ಕಿಂತ ಕೈಗೆ ಬರುವುದೆಷ್ಟು ಎಂದು ಕೇಳಿ. ಭೋಸರಿಯಿಂದ ಚಾಕಣ, ರಾಂಜಣಗಾಂವ್‌ಗೆ ಕಂಪನಿಯ ಬಸ್ಸಿದೆಯೇ, ಬಸ್ಸಿಗೂ ಕ್ಯಾಂಟೀನಿಗೂ ಎಷ್ಟು ಕಡಿತ ಎಂಬುದನ್ನು ಕೂಡಿಸಿದಾಗ 20,000ದ ಕೆಲಸ ನಿಮ್ಮ ಹಳೆಯ 18,000ಕ್ಕಿಂತ ಕಡಿಮೆಯಾಗುವುದುಂಟು. ಗೇಟ್‌ಪಾಸ್, ಸಮವಸ್ತ್ರ, ವೈದ್ಯಕೀಯ ತಪಾಸಣೆ ಎಂದು ಯಾರಾದರೂ ಮುಂಗಡ ಹಣ ಕೇಳಿದರೆ ಅಲ್ಲಿಂದ ಎದ್ದು ಬಂದು ಮೇಳದ ಅಧಿಕಾರಿಗೆ ತಿಳಿಸಿ. ಫೋನಿನಲ್ಲಿ ಕೇಳಿ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಒಂದು ಎಚ್ಚರಿಕೆ. ಮೇಳದ ದಿನವೇ ಕಾರ್ಖಾನೆಯವರು ಲೆಕ್ಕಕ್ಕೆ ಕರೆದರೆ ಮೇಳಕ್ಕೇ ಹೋಗಿ, ಲೆಕ್ಕಕ್ಕೆ ಬೇರೆ ದಿನ ಕೊಡಿ ಎಂದು ಬರೆದು ಕೇಳಿ. ಬಾಕಿ ಹಣ ಒಂದು ದಿನ ತಡವಾದರೆ ನಷ್ಟವಿಲ್ಲ, ಅವಸರದಲ್ಲಿ 'ಇನ್ನು ಯಾವ ಬಾಕಿಯೂ ಇಲ್ಲ' ಎಂಬ ಸಾಲಿನ ಕೆಳಗೆ ಸಹಿ ಬಿದ್ದರೆ ನಷ್ಟವಿದೆ.

ಕೊನೆಯದಾಗಿ ನಿಮ್ಮ ತಂಗಿಯ ವಿಷಯ. ಯುವನಿಧಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಯೋಜನೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. 2022–23ರ ಸಾಲಿನಲ್ಲಿ ಅಥವಾ ಆ ನಂತರ ತೇರ್ಗಡೆಯಾಗಿರಬೇಕು, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ಕರ್ನಾಟಕದ ನಿವಾಸಿಯಾಗಿರಬೇಕು, ರಾಜ್ಯದಲ್ಲಿ ಕನಿಷ್ಠ 6 ವರ್ಷ ಓದಿರಬೇಕು. ವಿಜಯಪುರದ ವಿಳಾಸವನ್ನು ಉಳಿಸಿಕೊಂಡು ಅಣ್ಣನ ಮನೆಯಲ್ಲಿ ಕೆಲಸ ಹುಡುಕುತ್ತಿರುವವಳು ಕರ್ನಾಟಕ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಬಹುದು. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಆರಂಭಿಸಿದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯಲ್ಲಿ ಪದವೀಧರರಿಗೆ ತರಬೇತಿಯ ಜೊತೆಗೆ ತಿಂಗಳಿಗೆ 10,000 ರೂಪಾಯಿ ಇದ್ದರೂ ಅದು ಈ ರಾಜ್ಯದ ನಿವಾಸಿಗಳಿಗೆ ಮೀಸಲು. ಎರಡು ರಾಜ್ಯಗಳ ನಿವಾಸಿ ಎಂದು ತೋರಿಸಿಕೊಳ್ಳುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಅಪ್ರೆಂಟಿಸ್ ತರಬೇತಿಗೆ ಮಾತ್ರ ರಾಜ್ಯದ ಗಡಿಯಿಲ್ಲ. 2019ರಲ್ಲಿ ತಿದ್ದಿದ ನಿಯಮಗಳು ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿ ಮಾಡಿದ್ದವು, ಪುಣೆಯಲ್ಲಿ ಅಂಥ ಅವಕಾಶಗಳು ಹೇರಳವಾಗಿವೆ. ಅಪ್ರೆಂಟಿಸ್ ವೇತನ ಪಡೆಯುವವರಿಗೆ ಯುವನಿಧಿ ಇಲ್ಲ, ಆದ್ದರಿಂದ ಅವಕಾಶ ಸಿಕ್ಕ ದಿನವೇ ಸೇವಾ ಸಿಂಧುವಿನಲ್ಲಿ ಅದನ್ನು ಘೋಷಿಸಿ ಭತ್ಯೆ ನಿಲ್ಲಿಸಬೇಕು. ನನ್ನನ್ನು ಕೇಳಿದರೆ, ಯುವನಿಧಿಗೆ ಅರ್ಜಿ ಹಾಕಿಯೂ ಅದರ ದಾರಿ ಕಾಯದೆ, ನಿಮ್ಮ ಜೊತೆ ಅವಳನ್ನೂ ಅದೇ ಮೇಳಕ್ಕೆ ಕರೆದುಕೊಂಡು ಹೋಗಿ ಅಪ್ರೆಂಟಿಸ್ ಜಾಗಗಳನ್ನು ವಿಚಾರಿಸಿ.